ಸೈಕಲ್ಲಿನಲ್ಲಿ ಬರುವ ನೌಕರ ಮತ್ತು ಉದ್ಯೋಗದಾತನ ಹೊಣೆ

ನೌಕರನ ದುಡಿಮೆ ಆರಂಭವಾಗುವುದು ಕಾರ್ಖಾನೆಯ ಗೇಟನ್ನು ದಾಟಿದಾಗಲೋ ಅಥವಾ ಮನೆಯ ಹೊಸ್ತಿಲನ್ನು ದಾಟಿದಾಗಲೋ? ಮೇಲ್ನೋಟಕ್ಕೆ ಇದು ಕೇವಲ ತರ್ಕದ ಪ್ರಶ್ನೆಯಂತೆ ತೋರಬಹುದು. ಆದರೆ ಸೈಕಲ್ ತುಳಿದುಕೊಂಡು ಕೆಲಸಕ್ಕೆ ಹೊರಟವನು ದಾರಿಯಲ್ಲಿ ಲಾರಿಗೆ ಸಿಕ್ಕಿ ಗಾಯಗೊಂಡಾಗ ಅವನ ಕುಟುಂಬದ ಪಾಲಿಗೆ ಇದು ಅನ್ನದ ಪ್ರಶ್ನೆಯಾಗುತ್ತದೆ. ಈ ಪ್ರಶ್ನೆಗೆ ನಮ್ಮ ದೇಶದ ಕಾನೂನು ಸ್ಪಷ್ಟ ಉತ್ತರವನ್ನು ನೀಡಲು ಬಹಳ ಕಾಲ ಹಿಡಿಯಿತು.

2011ರ ಜನಗಣತಿಯಲ್ಲಿ ಬೇಸಾಯಗಾರರು, ಕೃಷಿ ಕೂಲಿಗಾರರು ಮತ್ತು ಗೃಹ ಕೈಗಾರಿಕೆಯಲ್ಲಿ ತೊಡಗಿರುವವರನ್ನು ಬಿಟ್ಟು ಉಳಿದ ದುಡಿಮೆಗಾರರು ಕೆಲಸದ ಸ್ಥಳಕ್ಕೆ ಹೇಗೆ ಹೋಗುತ್ತಾರೆ ಎಂಬ ಮಾಹಿತಿಯನ್ನು ಸಂಗ್ರಹಿಸಲಾಯಿತು. ಇಂತಹ ಸುಮಾರು 20 ಕೋಟಿ ಜನರಲ್ಲಿ ಶೇಕಡ 13ರಷ್ಟು, ಎಂದರೆ ಎರಡೂವರೆ ಕೋಟಿಗಿಂತ ಹೆಚ್ಚು ಜನರು, ಸೈಕಲ್ಲನ್ನು ಅವಲಂಬಿಸಿದ್ದರು. ನಡೆದು ಹೋಗುವವರು ಶೇಕಡ 22ಕ್ಕಿಂತ ಅಧಿಕವಾಗಿದ್ದರು. ಕಾರು, ಜೀಪು, ವ್ಯಾನುಗಳಲ್ಲಿ ಹೋಗುವವರ ಪ್ರಮಾಣ ಶೇಕಡ 3ಕ್ಕಿಂತ ಕಡಿಮೆ. ಆದರೂ ಕಚೇರಿ, ಕಾರ್ಖಾನೆಗಳ ಆವರಣಗಳನ್ನು ನೋಡಿದರೆ ಈ ಪ್ರಮಾಣ ತಲೆಕೆಳಗಾಗಿರುವಂತೆ ಕಾಣುತ್ತದೆ. ಆಂಧ್ರ ಪ್ರದೇಶದ ಎರಡು ದೊಡ್ಡ ನಗರಗಳಾದ ವಿಶಾಖಪಟ್ಟಣ ಮತ್ತು ವಿಜಯವಾಡಗಳನ್ನು ನಿದರ್ಶನವಾಗಿ ಇರಿಸಿಕೊಂಡು ಈ ವಿಷಯವನ್ನು ಇಲ್ಲಿ ಪರಿಶೀಲಿಸಲಾಗಿದೆ. ಇಲ್ಲಿ ಹೇಳಿರುವ ಕಾನೂನುಗಳು ಕೇಂದ್ರದವಾದುದರಿಂದ ಕರ್ನಾಟಕದ ಓದುಗರಿಗೂ ಅವು ಸಮಾನವಾಗಿ ಅನ್ವಯಿಸುತ್ತವೆ.

ಎರಡು ನಗರಗಳು, ಎರಡು ಬಗೆಯ ದಾರಿ

ವಿಶಾಖಪಟ್ಟಣವು ಬೆಟ್ಟ ಮತ್ತು ಕಡಲುಗಳ ನಡುವೆ ಬೆಳೆದ ನಗರ. 1933ರಲ್ಲಿ ಬಂದರು ಆರಂಭವಾದ ಮೇಲೆ 1941ರಲ್ಲಿ ವಾಲ್‌ಚಂದ್ ಹೀರಾಚಂದರ ಹಡಗು ಕಟ್ಟೆಗೆ ಅಡಿಪಾಯ ಹಾಕಲಾಯಿತು. 1948ರಲ್ಲಿ ಅಲ್ಲಿ ನಿರ್ಮಾಣವಾದ 'ಜಲ ಉಷಾ' ಹಡಗನ್ನು ಪ್ರಧಾನಿ ಜವಾಹರಲಾಲ್ ನೆಹರೂ ನೀರಿಗಿಳಿಸಿದರು. 1957ರಲ್ಲಿ ತೈಲ ಶುದ್ಧೀಕರಣಾಗಾರ ಬಂದಿತು. 1971ರ ಜನವರಿ 20ರಂದು ಇಂದಿರಾ ಗಾಂಧಿಯವರು ಶಂಕುಸ್ಥಾಪನೆ ಮಾಡಿದ ಉಕ್ಕಿನ ಕಾರ್ಖಾನೆಯನ್ನು 1992ರ ಆಗಸ್ಟ್ 1ರಂದು ಪಿ.ವಿ. ನರಸಿಂಹ ರಾವ್ ಅವರು ರಾಷ್ಟ್ರಕ್ಕೆ ಸಮರ್ಪಿಸಿದರು. ಹೀಗೆ ದುಡಿಮೆಯ ಸ್ಥಳಗಳು ಹಳೆಯ ಊರಿನಿಂದ ನೈಋತ್ಯಕ್ಕೆ, ಗಾಜುವಾಕದತ್ತ ಸರಿಯುತ್ತ ಹೋದಂತೆ ಕಾರ್ಮಿಕನ ದಾರಿಯೂ ಉದ್ದವಾಯಿತು. ಆ ದಾರಿಯ ಬಹುಭಾಗ ರಾಷ್ಟ್ರೀಯ ಹೆದ್ದಾರಿಯೇ ಆಗಿದೆ. ಬಂದರಿಗೆ ಹೋಗುವ ಲಾರಿಗಳ ಪಕ್ಕದಲ್ಲಿಯೇ ಸೈಕಲ್ ಸವಾರ ಸಾಗಬೇಕಾಗುತ್ತದೆ.

ವಿಜಯವಾಡದ ನೆಲ ಬಹುಮಟ್ಟಿಗೆ ಸಮತಟ್ಟು. ಕೃಷ್ಣಾ ನದಿಯ ಪ್ರಕಾಶಂ ಬ್ಯಾರೇಜಿನಿಂದ ಹೊರಡುವ ಏಲೂರು, ಬಂದರು ಮತ್ತು ರೈವಸ್ ಕಾಲುವೆಗಳು ನಗರವನ್ನು ಸೀಳಿಕೊಂಡು ಹರಿಯುತ್ತವೆ. ಕಾಲುವೆಯ ಏರಿಯ ರಸ್ತೆಗಳು ಸೈಕಲ್ಲಿಗೆ ಅನುಕೂಲವಾದರೂ ಸೇತುವೆಗಳ ಬಳಿ ಎಲ್ಲ ಬಗೆಯ ವಾಹನಗಳೂ ಒಂದೆಡೆ ಒತ್ತಿಕೊಳ್ಳುತ್ತವೆ. ರೈಲ್ವೆ ಜಂಕ್ಷನ್ನಿನ ಷೆಡ್ಡುಗಳು, 1960ರ ದಶಕದಲ್ಲಿ ನೆಲೆಗೊಂಡ ಆಟೋನಗರದ ಸಣ್ಣ ಸಣ್ಣ ಕಾರ್ಯಾಗಾರಗಳು, ಬೀಸೆಂಟ್ ರಸ್ತೆಯ ಅಂಗಡಿಗಳು ಇಲ್ಲಿಯ ದುಡಿಮೆಯ ಕೇಂದ್ರಗಳು. ಇಲ್ಲಿ ಸವಾರನಿಗೆ ಏರಿಳಿತದ ಕಷ್ಟವಿಲ್ಲ, ಬಿಸಿಲಿನ ಕಷ್ಟವಿದೆ. ಮೇ ತಿಂಗಳಿನಲ್ಲಿ ತಾಪಮಾನ 40 ಡಿಗ್ರಿ ಸೆಲ್ಸಿಯಸ್‌ಅನ್ನು ಮೀರುವುದು ಸಾಮಾನ್ಯ ಸಂಗತಿ.

ಪಾಳಿಯ ಕೆಲಸವಿರುವಲ್ಲಿ ಸೈಕಲ್ಲು ಅನಿವಾರ್ಯವಾಗುವುದಕ್ಕೆ ಇನ್ನೊಂದು ಕಾರಣವಿದೆ. ನಸುಕಿನಲ್ಲಿ ಆರಂಭವಾಗುವ ಪಾಳಿಗೆ ಹೋಗಲು, ರಾತ್ರಿ ತಡವಾಗಿ ಮುಗಿಯುವ ಪಾಳಿಯಿಂದ ಮರಳಲು ಬಸ್ಸು ದೊರೆಯುತ್ತದೆಂಬ ಭರವಸೆ ಇರುವುದಿಲ್ಲ. ಆದುದರಿಂದ ಅಲ್ಪ ವೇತನದ ನೌಕರನು ಸೈಕಲ್ ಹಿಡಿಯುವುದು ಹವ್ಯಾಸದಿಂದಲ್ಲ, ಹಾಜರಿ ತಪ್ಪಬಾರದೆಂಬ ಕಾಳಜಿಯಿಂದ.

ಗೇಟಿನ ಬಳಿ ದೊರೆಯುವ ಸ್ಥಾನ

ಸಂಸ್ಥೆಯೊಂದು ಸೈಕಲ್ ಸವಾರನನ್ನು ಹೇಗೆ ಕಾಣುತ್ತದೆ ಎಂಬುದನ್ನು ತಿಳಿಯಲು ಅಲ್ಲಿಯ ಸೈಕಲ್ ಸ್ಟ್ಯಾಂಡನ್ನು ನೋಡಿದರೆ ಸಾಕು. ಅಧಿಕಾರಿಗಳ ಕಾರುಗಳಿಗೆ ಪೋರ್ಟಿಕೋದ ನೆರಳು, ಸ್ಕೂಟರುಗಳಿಗೆ ತಗಡಿನ ಚಾವಣಿ, ಸೈಕಲ್ಲುಗಳಿಗೆ ಕಾಂಪೌಂಡಿನ ಹಿಂದಿನ ಬಯಲು ಎಂಬ ಶ್ರೇಣಿಯನ್ನು ಅನೇಕ ಕಡೆ ಕಾಣಬಹುದು. ಬಿಸಿಲಿನಲ್ಲಿ ದಿನವಿಡೀ ನಿಂತ ಸೈಕಲ್ಲಿನ ಟಯರು ಬಿರುಕು ಬಿಡುತ್ತದೆ, ಟ್ಯೂಬಿನ ತೇಪೆ ಬಿಟ್ಟುಕೊಳ್ಳುತ್ತದೆ. ಆ ಖರ್ಚು ಬೀಳುವುದು ಸಂಸ್ಥೆಯಲ್ಲಿ ಅತ್ಯಂತ ಕಡಿಮೆ ಸಂಬಳ ಪಡೆಯುವವನ ಮೇಲೆ.

1948ರ ಕಾರ್ಖಾನೆಗಳ ಅಧಿನಿಯಮದ ಕಲ್ಯಾಣ ಅಧ್ಯಾಯದಲ್ಲಿ ಕ್ಯಾಂಟೀನು, ವಿಶ್ರಾಂತಿ ಗೃಹ, ಶಿಶುಪಾಲನಾ ಕೇಂದ್ರ ಮೊದಲಾದವುಗಳ ಉಲ್ಲೇಖವಿತ್ತು. ಸೈಕಲ್ ಸ್ಟ್ಯಾಂಡಿನ ಉಲ್ಲೇಖ ಇರಲಿಲ್ಲ. ಆದಕಾರಣ ಅದು ಬಹುತೇಕ ಆಡಳಿತ ವರ್ಗದ ಔದಾರ್ಯ ಅಥವಾ ಕಾರ್ಮಿಕ ಸಂಘದ ಒಪ್ಪಂದಕ್ಕೆ ಬಿಟ್ಟ ವಿಷಯವಾಗಿ ಉಳಿಯಿತು. ಆದರೆ ಸೈಕಲ್ ಸವಾರನಿಗೆ ನೇರವಾಗಿ ಉಪಯೋಗವಾಗುವ ಎರಡು ಅಂಶಗಳು ಆ ಅಧಿನಿಯಮದಲ್ಲಿದ್ದವು. 42ನೆಯ ಪ್ರಕರಣವು ಕೈಕಾಲು, ಮುಖ ತೊಳೆಯುವ ಸೌಲಭ್ಯವನ್ನು ಕಡ್ಡಾಯಗೊಳಿಸಿತ್ತು. 43ನೆಯ ಪ್ರಕರಣವು ಕೆಲಸದ ವೇಳೆ ಧರಿಸದ ಬಟ್ಟೆಗಳನ್ನು ಇರಿಸಲು ಮತ್ತು ಒದ್ದೆ ಬಟ್ಟೆಗಳನ್ನು ಒಣಗಿಸಲು ಸ್ಥಳ ಒದಗಿಸುವಂತೆ ನಿಯಮ ರಚಿಸುವ ಅಧಿಕಾರವನ್ನು ರಾಜ್ಯ ಸರ್ಕಾರಗಳಿಗೆ ನೀಡಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆಯ 24ನೆಯ ಪ್ರಕರಣದಲ್ಲಿಯೂ ತೊಳೆಯುವ ಸೌಲಭ್ಯ, ಸ್ನಾನದ ಸ್ಥಳ, ಲಾಕರು ಕೊಠಡಿ ಮತ್ತು ಒದ್ದೆ ಬಟ್ಟೆ ಒಣಗಿಸುವ ಸ್ಥಳಗಳ ಪ್ರಸ್ತಾಪವಿದೆ. ಮಳೆಯಲ್ಲಿ ನೆನೆದು ಅಥವಾ ಬಿಸಿಲಿನಲ್ಲಿ ಬೆವರಿ ಬಂದ ನೌಕರನು ಮುಖ ತೊಳೆದು, ಅಂಗಿ ಬದಲಿಸಿ ಕೆಲಸಕ್ಕೆ ನಿಲ್ಲುವುದು ಅವನಿಗೆ ತೋರುವ ದಯೆಯಲ್ಲ.

ಸ್ಟ್ಯಾಂಡನ್ನು ಗುತ್ತಿಗೆಗೆ ಕೊಟ್ಟು, ನೌಕರರಿಂದ ಹಣ ಪಡೆದು, ಚೀಟಿ ಕೊಡುವ ವಾಡಿಕೆಯೂ ಕೆಲವೆಡೆ ಇದೆ. ಇನ್ನೊಬ್ಬರ ವಸ್ತುವನ್ನು ತನ್ನ ವಶಕ್ಕೆ ಪಡೆದವನು ಸಾಮಾನ್ಯ ವಿವೇಕವುಳ್ಳ ಮನುಷ್ಯನು ತನ್ನ ಸ್ವಂತ ವಸ್ತುವಿನ ವಿಷಯದಲ್ಲಿ ವಹಿಸುವಷ್ಟು ಎಚ್ಚರಿಕೆಯನ್ನು ವಹಿಸಬೇಕೆಂದು 1872ರ ಭಾರತೀಯ ಕರಾರು ಅಧಿನಿಯಮದ 151ನೆಯ ಪ್ರಕರಣ ಹೇಳುತ್ತದೆ. ಆದುದರಿಂದ ಚೀಟಿಯನ್ನು ಜೋಪಾನವಾಗಿ ಇಟ್ಟುಕೊಳ್ಳುವುದು ಉಚಿತ.

ತಡವಾದ ಹಾಜರಿ ಮತ್ತು ವೇತನ ಕಡಿತ

ಸೈಕಲ್ ಪಂಕ್ಚರ್ ಆಗುವುದು, ಚೈನು ಕಳಚುವುದು ಯಾರ ತಪ್ಪೂ ಅಲ್ಲ. ಆದರೆ ಹಾಜರಿ ಯಂತ್ರ ಕಾರಣವನ್ನು ಕೇಳುವುದಿಲ್ಲ. ಇಂತಹ ಸಂದರ್ಭದಲ್ಲಿ ನೌಕರನಿಗೆ ಇರುವ ರಕ್ಷಣೆಯನ್ನು ತಿಳಿದಿರಬೇಕು. 1936ರ ವೇತನ ಪಾವತಿ ಅಧಿನಿಯಮದಲ್ಲಿದ್ದ ತತ್ತ್ವದ ಪ್ರಕಾರ ಗೈರುಹಾಜರಿಗಾಗಿ ಮಾಡುವ ಕಡಿತವು ಗೈರುಹಾಜರಾದ ಅವಧಿಯ ಪ್ರಮಾಣವನ್ನು ಸಾಮಾನ್ಯವಾಗಿ ಮೀರುವಂತಿಲ್ಲ. ಈ ತತ್ತ್ವವನ್ನು 2019ರ ವೇತನ ಸಂಹಿತೆಯಲ್ಲಿಯೂ ಉಳಿಸಿಕೊಳ್ಳಲಾಗಿದೆ. ಉದಾಹರಣೆಗೆ, ಎಂಟು ಗಂಟೆಯ ಪಾಳಿಗೆ ಅರ್ಧ ಗಂಟೆ ತಡವಾಗಿ ಬಂದವನ ದಿನದ ವೇತನದಲ್ಲಿ ಹದಿನಾರನೆಯ ಒಂದು ಭಾಗವನ್ನು ಕಡಿತ ಮಾಡಬಹುದು. ಅರ್ಧ ದಿನದ ವೇತನವನ್ನು ಕಡಿತ ಮಾಡುವುದು ಈ ತತ್ತ್ವಕ್ಕೆ ವಿರುದ್ಧವಾಗುತ್ತದೆ.

ಕೇಂದ್ರ ಸರ್ಕಾರದ ಕಚೇರಿಗಳಲ್ಲಿ ಕ್ರಮ ಬೇರೆ. ಅಲ್ಲಿ ತಡವಾಗಿ ಬಂದ ಪ್ರತಿ ದಿನಕ್ಕೂ ಅರ್ಧ ದಿನದ ಸಾಂದರ್ಭಿಕ ರಜೆಯನ್ನು ಕಳೆಯಲಾಗುತ್ತದೆ. ಆದರೆ ಸಮರ್ಥನೀಯ ಕಾರಣವಿದ್ದಲ್ಲಿ ತಿಂಗಳಿಗೆ ಎರಡು ಬಾರಿ ಮೀರದಂತೆ, ಒಂದು ಗಂಟೆಯವರೆಗಿನ ವಿಳಂಬವನ್ನು ಮನ್ನಿಸಲು ಅವಕಾಶವಿದೆ. ಕಾರಣವನ್ನು ಅಂದೇ ಬರೆದು ಕೊಡುವ ಅಭ್ಯಾಸವು ನೌಕರನಿಗೆ ನೆರವಾಗುತ್ತದೆ.

ಪ್ರಕೃತಿ ವಿಕೋಪದ ದಿನಗಳಲ್ಲಿ ಈ ವಿವೇಚನೆ ಇನ್ನೂ ಮುಖ್ಯವಾಗುತ್ತದೆ. 2014ರ ಅಕ್ಟೋಬರ್ 12ರಂದು ಹುಡ್‌ಹುಡ್ ಚಂಡಮಾರುತ ವಿಶಾಖಪಟ್ಟಣಕ್ಕೆ ಅಪ್ಪಳಿಸಿದಾಗ ಬುಡಮೇಲಾದ ಮರಗಳು ರಸ್ತೆಗಳನ್ನು ಮುಚ್ಚಿದವು. 2024ರ ಸೆಪ್ಟೆಂಬರ್ ಆರಂಭದಲ್ಲಿ ಬುಡಮೇರು ಹೊಳೆಯ ಪ್ರವಾಹ ವಿಜಯವಾಡದ ಸಿಂಗ್ ನಗರ ಮೊದಲಾದ ಬಡಾವಣೆಗಳನ್ನು ಮುಳುಗಿಸಿತು. ಇಂತಹ ದಿನಗಳಲ್ಲಿ ಎದೆಮಟ್ಟದ ನೀರಿನ ಆಚೆ ವಾಸಿಸುವ ನೌಕರನನ್ನೂ, ಕಾರ್ಖಾನೆಯ ವಸತಿಗೃಹದಲ್ಲಿ ವಾಸಿಸುವ ನೌಕರನನ್ನೂ ಒಂದೇ ಅಳತೆಗೋಲಿನಿಂದ ಅಳೆಯುವುದು ನ್ಯಾಯವೆನಿಸದು.

ಭತ್ಯೆಯ ವಿಚಾರ

ಸೈಕಲ್ ಭತ್ಯೆ ಮತ್ತು ಸಾರಿಗೆ ಭತ್ಯೆ ಎಂಬ ಎರಡನ್ನು ಅನೇಕರು ಒಂದೆಂದು ಭಾವಿಸುತ್ತಾರೆ. ಇವೆರಡೂ ಬೇರೆ ಬೇರೆ. ಕರ್ತವ್ಯ ನಿರ್ವಹಣೆಗಾಗಿಯೇ ಸೈಕಲ್ ತುಳಿಯಬೇಕಾದ ನೌಕರನಿಗೆ ನೀಡುವುದು ಸೈಕಲ್ ಭತ್ಯೆ. ಏಳನೆಯ ವೇತನ ಆಯೋಗವು ಇದನ್ನು ರದ್ದುಪಡಿಸುವಂತೆ ಶಿಫಾರಸು ಮಾಡಿತ್ತು. ಆದರೆ ಮನೆಮನೆಗೆ ಕಾಗದ ಹಂಚುವ ಅಂಚೆಯವರು ಮತ್ತು ರೈಲು ಹಳಿಯ ಮೇಲ್ವಿಚಾರಣೆ ನಡೆಸುವ ಟ್ರ್ಯಾಕ್‌ಮನ್‌ಗಳ ಅಗತ್ಯವನ್ನು ಪರಿಗಣಿಸಿ, ಸರ್ಕಾರವು ಅವರಿಗೆ ಅದನ್ನು ಉಳಿಸಿ, 2017ರ ಜುಲೈ 1ರಿಂದ ತಿಂಗಳಿಗೆ 90 ರೂಪಾಯಿಗಳಿಂದ 180 ರೂಪಾಯಿಗಳಿಗೆ ಏರಿಸಿತು. ವಿಶಾಖಪಟ್ಟಣ, ವಿಜಯವಾಡಗಳೆರಡೂ ಅಂಚೆ ಮತ್ತು ರೈಲ್ವೆ ಆಡಳಿತದ ಪ್ರಮುಖ ಕೇಂದ್ರಗಳಾಗಿರುವುದರಿಂದ ಈ ನಿರ್ಣಯ ಅಲ್ಲಿಯ ಅನೇಕ ನೌಕರರಿಗೆ ಸಂಬಂಧಿಸಿದುದಾಗಿದೆ.

ಮನೆಯಿಂದ ಕಚೇರಿಗೆ ಬಂದುಹೋಗುವ ಖರ್ಚಿಗಾಗಿ ಕೇಂದ್ರ ಸರ್ಕಾರಿ ನೌಕರರಿಗೆ ನೀಡುವುದು ಸಾರಿಗೆ ಭತ್ಯೆ. ಇದು ಐದನೆಯ ವೇತನ ಆಯೋಗದ ಶಿಫಾರಸಿನಂತೆ 1997ರ ಆಗಸ್ಟ್‌ನಲ್ಲಿ ಜಾರಿಗೆ ಬಂದಿತು. ನೌಕರನು ಬಸ್ಸಿನಲ್ಲಿ ಬರಲಿ, ಸೈಕಲ್ಲಿನಲ್ಲಿ ಬರಲಿ, ಅವನ ಹುದ್ದೆಯ ಹಂತ ಮತ್ತು ಊರಿನ ವರ್ಗವನ್ನು ಅನುಸರಿಸಿ ಇದು ದೊರೆಯುತ್ತದೆ. 'ಸೈಕಲ್ಲಿನಲ್ಲಿ ಬರುವವನಿಗೆ ಖರ್ಚೇನಿದೆ?' ಎಂಬ ಮಾತಿಗೆ ಇಲ್ಲಿ ಎಡೆಯಿಲ್ಲ. ಖಾಸಗಿ ಸಂಸ್ಥೆಗಳಲ್ಲಿ ಪೆಟ್ರೋಲಿನ ರಸೀದಿ ತೋರಿಸಿದವರಿಗೆ ಮಾತ್ರ ಪ್ರಯಾಣ ವೆಚ್ಚವನ್ನು ಕೊಡುವ ಪದ್ಧತಿಯಿದ್ದರೆ ಈ ನಿದರ್ಶನವನ್ನು ಮುಂದಿಡಬಹುದು. ಹಿಂದೆ ಸೈಕಲ್ ಕೊಳ್ಳಲು ಸರ್ಕಾರಿ ನೌಕರರಿಗೆ ಮುಂಗಡ ದೊರೆಯುತ್ತಿತ್ತು. ಏಳನೆಯ ವೇತನ ಆಯೋಗದ ಶಿಫಾರಸಿನ ನಂತರ ಆ ಸೌಲಭ್ಯ ಕೊನೆಗೊಂಡಿತು.

ಒಂದು ಕಿಲೋಮೀಟರಿನ ಅಂತರ

ಇನ್ನು ಮುಖ್ಯ ಪ್ರಶ್ನೆಗೆ ಬರೋಣ. 1923ರ ಕಾರ್ಮಿಕರ ಪರಿಹಾರ ಅಧಿನಿಯಮ ಮತ್ತು 1948ರ ನೌಕರರ ರಾಜ್ಯ ವಿಮಾ ಅಧಿನಿಯಮಗಳೆರಡೂ ಪರಿಹಾರಕ್ಕೆ ಒಂದೇ ಷರತ್ತನ್ನು ವಿಧಿಸಿದ್ದವು. ಗಾಯವು 'ಉದ್ಯೋಗದಿಂದ ಉದ್ಭವಿಸಿದ ಮತ್ತು ಉದ್ಯೋಗದ ಅವಧಿಯಲ್ಲಿ ಸಂಭವಿಸಿದ' ಅಪಘಾತದಿಂದ ಆಗಿರಬೇಕು ಎಂಬುದೇ ಆ ಷರತ್ತು. ಉದ್ಯೋಗದ ಆವರಣವು ಗೇಟಿನಿಂದಾಚೆಗೂ ಸ್ವಲ್ಪ ದೂರ ವ್ಯಾಪಿಸುತ್ತದೆ ಎಂಬ ತತ್ತ್ವವನ್ನು ಸರ್ವೋಚ್ಚ ನ್ಯಾಯಾಲಯವು 1958ರಲ್ಲಿಯೇ ಒಪ್ಪಿತ್ತು. ಆದರೆ ಉಪ್ಪಿನ ಕಾರ್ಖಾನೆಯಿಂದ ಮನೆಗೆ ಮರಳುವಾಗ ದೋಣಿ ಮಗುಚಿ ಮುಳುಗಿದ ಕಾರ್ಮಿಕರ ಆ ಪ್ರಕರಣದಲ್ಲಿ ಪರಿಹಾರ ದೊರೆಯಲಿಲ್ಲ. 1963ರಲ್ಲಿ ಮುಂಬಯಿಯ ನಗರ ಸಾರಿಗೆಯ ಚಾಲಕನೊಬ್ಬ ಕೆಲಸ ಮುಗಿಸಿ ಅದೇ ಸಂಸ್ಥೆಯ ಬಸ್ಸಿನಲ್ಲಿ ಮನೆಗೆ ಹೋಗುವಾಗ ಸತ್ತ ಪ್ರಕರಣದಲ್ಲಿ ಪರಿಹಾರ ದೊರೆಯಿತು.

ಸೈಕಲ್ ಸವಾರನ ಸ್ಥಿತಿಯನ್ನು ನಿರ್ಧರಿಸಿದುದು ಇನ್ನೊಂದು ಪ್ರಕರಣ. 1971ರ ಜೂನ್ 26ರಂದು ಕಾರ್ಖಾನೆಯ ನೌಕರನೊಬ್ಬನು ಸೈಕಲ್ಲಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದನು. ಅವನ ಪಾಳಿ ಸಂಜೆ 4.30ಕ್ಕೆ ಆರಂಭವಾಗಬೇಕಾಗಿತ್ತು. 4.15ರ ವೇಳೆಗೆ, ಕಾರ್ಖಾನೆ ಇನ್ನು ಸುಮಾರು ಒಂದು ಕಿಲೋಮೀಟರು ದೂರವಿರುವಾಗ, ಲಾರಿಯೊಂದು ಅವನಿಗೆ ಡಿಕ್ಕಿ ಹೊಡೆಯಿತು. ಅವನ ಕೊರಳೆಲುಬು ಮುರಿಯಿತು. ಲಾರಿಯೂ ಅವನ ಮಾಲೀಕರದೇ ಆಗಿತ್ತು. ಕೆಳಗಿನ ನ್ಯಾಯಾಲಯಗಳು ನೌಕರನ ಪರವಾಗಿ ತೀರ್ಪು ನೀಡಿದವು. ಮೇಲ್ಮನವಿ ಸರ್ವೋಚ್ಚ ನ್ಯಾಯಾಲಯಕ್ಕೆ ಬಂದಾಗ 1992ರಲ್ಲಿ ಇಬ್ಬರು ನ್ಯಾಯಮೂರ್ತಿಗಳಲ್ಲಿ ಭಿನ್ನಾಭಿಪ್ರಾಯ ಉಂಟಾಯಿತು. ಕೊನೆಗೆ 1996ರಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠವು ಸಾರ್ವಜನಿಕ ರಸ್ತೆಯಲ್ಲಿ, ಕೆಲಸ ಆರಂಭವಾಗುವ ಮೊದಲು ಆದ ಈ ಗಾಯವು ಉದ್ಯೋಗದಿಂದ ಉದ್ಭವಿಸಿದುದಲ್ಲ ಎಂದು ನಿರ್ಣಯಿಸಿತು. ಹದಿನೈದು ನಿಮಿಷ ಮತ್ತು ಒಂದು ಕಿಲೋಮೀಟರಿನ ಅಂತರದ ಬಗ್ಗೆ ಇಪ್ಪತ್ತೈದು ವರ್ಷಗಳ ವ್ಯಾಜ್ಯ ನಡೆಯಿತು, ನೌಕರನು ಸೋತನು.

ಕಾನೂನಿನ ತಿದ್ದುಪಡಿ

ಈ ಕೊರತೆಯನ್ನು ಸಂಸತ್ತು 2010ರಲ್ಲಿ ನಿವಾರಿಸಿತು. ನೌಕರರ ರಾಜ್ಯ ವಿಮಾ ಅಧಿನಿಯಮಕ್ಕೆ 51-ಇ ಎಂಬ ಹೊಸ ಪ್ರಕರಣವನ್ನು ಸೇರಿಸಿ 2010ರ ಜೂನ್ 1ರಿಂದ ಜಾರಿಗೆ ತರಲಾಯಿತು. ಇದರ ಪ್ರಕಾರ ಮನೆಯಿಂದ ಕೆಲಸಕ್ಕೆ ಹೋಗುವಾಗ ಅಥವಾ ಕೆಲಸ ಮುಗಿಸಿ ಮನೆಗೆ ಮರಳುವಾಗ ಸಂಭವಿಸಿದ ಅಪಘಾತವನ್ನು ಉದ್ಯೋಗದಿಂದ ಉದ್ಭವಿಸಿದುದೆಂದೇ ಭಾವಿಸತಕ್ಕದ್ದು. ಆದರೆ ಅಪಘಾತದ ಸಂದರ್ಭ, ಸಮಯ ಮತ್ತು ಸ್ಥಳಗಳಿಗೂ ಉದ್ಯೋಗಕ್ಕೂ ಸಂಬಂಧವಿದೆಯೆಂದು ಸಿದ್ಧಪಡಿಸಬೇಕು.

ವಿಮಾ ವ್ಯಾಪ್ತಿಗೆ ಒಳಪಡದೆ 1923ರ ಅಧಿನಿಯಮಕ್ಕೆ ಮಾತ್ರ ಒಳಪಟ್ಟ ನೌಕರರ ವಿಷಯದಲ್ಲಿ ಸಂದಿಗ್ಧತೆ ಮುಂದುವರಿಯಿತು. ಮಹಾರಾಷ್ಟ್ರದ ಸಕ್ಕರೆ ಕಾರ್ಖಾನೆಯೊಂದರ ಕಾವಲುಗಾರನು 2003ರ ಏಪ್ರಿಲ್ 22ರಂದು ನಸುಕಿನ 3 ಗಂಟೆಯ ಪಾಳಿಗೆ ಮೋಟಾರ್ ಸೈಕಲ್ಲಿನಲ್ಲಿ ಹೋಗುವಾಗ, ಕಾರ್ಖಾನೆಯಿಂದ ಸುಮಾರು 5 ಕಿಲೋಮೀಟರು ದೂರದಲ್ಲಿ ಅಪಘಾತದಿಂದ ಮೃತಪಟ್ಟನು. ಅವನ ಕುಟುಂಬಕ್ಕೆ ದೊರೆತಿದ್ದ ಪರಿಹಾರವನ್ನು ಉಚ್ಚ ನ್ಯಾಯಾಲಯ ರದ್ದುಪಡಿಸಿತ್ತು. 2025ರ ಜುಲೈ 29ರಂದು ಸರ್ವೋಚ್ಚ ನ್ಯಾಯಾಲಯವು ಅದನ್ನು ಪುನಃ ಸ್ಥಾಪಿಸಿತು. 51-ಇ ಪ್ರಕರಣವು ಮೂಲ ಕಾನೂನಿನ ಆಶಯವನ್ನು ಸ್ಪಷ್ಟಪಡಿಸುವಂತಹುದು. ಆದಕಾರಣ ಅದು ಹಿಂದಿನ ಅಪಘಾತಗಳಿಗೂ ಅನ್ವಯಿಸುತ್ತದೆ, 1923ರ ಅಧಿನಿಯಮದ ಅದೇ ಮಾತುಗಳಿಗೂ ಅದೇ ಅರ್ಥವನ್ನು ಮಾಡಬೇಕು ಎಂದು ತೀರ್ಪು ಹೇಳಿತು. ಅದೇ ವರ್ಷದ ನವೆಂಬರ್ 21ರಂದು ಜಾರಿಗೆ ಬಂದ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಈ ರಕ್ಷಣೆಯನ್ನು ನೇರವಾಗಿಯೇ ಸೇರಿಸಲಾಗಿದೆ. ಸಂಹಿತೆಯು ವಾಹನಗಳಲ್ಲಿ ಭೇದವೆಣಿಸುವುದಿಲ್ಲ. ಕಾಲ್ನಡಿಗೆಯವನೂ ಸೈಕಲ್ ಸವಾರನೂ ಇದಕ್ಕೆ ಅರ್ಹರು.

ಸಂಬಂಧವನ್ನು ಸಿದ್ಧಪಡಿಸುವ ಬಗೆ

ಗಾಜುವಾಕದ ಬಾಡಿಗೆ ಮನೆಯಿಂದ ಬಂದರಿನ ಕಡೆಗೆ ರಾತ್ರಿ ಪಾಳಿಗೆ ಹೊರಟ ನೌಕರನೊಬ್ಬನಿಗೆ ಹೆದ್ದಾರಿಯಲ್ಲಿ ಅಪಘಾತವಾಯಿತೆಂದು ಭಾವಿಸೋಣ. ಪಾಳಿ ಆರಂಭವಾಗುವ ಹೊತ್ತಿಗೆ ಸಮೀಪದ ಸಮಯ, ವಾಡಿಕೆಯ ದಾರಿ, ಕೆಲಸಕ್ಕೇ ಹೊರಟ ಉದ್ದೇಶ, ಈ ಮೂರೂ ಕೂಡಿಬಂದರೆ ಸಂಬಂಧವು ಸಿದ್ಧವಾಗುತ್ತದೆ. ಅದೇ ನೌಕರನು ರಜೆಯ ದಿನ ಸಿನಿಮಾ ನೋಡಿ ಅದೇ ದಾರಿಯಲ್ಲಿ ಮರಳುತ್ತಿದ್ದರೆ ಸಂಬಂಧವಿರುವುದಿಲ್ಲ. ಕೆಲಸ ಮುಗಿದ ಮೇಲೆ ವಿಜಯವಾಡದ ನೌಕರನೊಬ್ಬನು ಮನೆಯ ದಾರಿಯನ್ನು ಬಿಟ್ಟು ನಗರದ ಇನ್ನೊಂದು ತುದಿಯಲ್ಲಿರುವ ಬಂಧುವಿನ ಮನೆಗೆ ಹೋಗುವಾಗ ಅಪಘಾತವಾದರೆ ಹಕ್ಕನ್ನು ಸ್ಥಾಪಿಸುವುದು ಕಷ್ಟವಾಗುತ್ತದೆ.

ಆದುದರಿಂದ ಅಪಘಾತವಾದಾಗ ಈ ಕ್ರಮಗಳನ್ನು ಕೈಗೊಳ್ಳುವುದು ಅಗತ್ಯ:

1. ಮೊದಲು ಚಿಕಿತ್ಸೆ. ವಿಮಾದಾರ ನೌಕರರಿಗಾಗಿ ವಿಶಾಖಪಟ್ಟಣದ ಮಲ್ಕಾಪುರಂ ಮತ್ತು ವಿಜಯವಾಡದ ಗುಣದಲಗಳಲ್ಲಿ ಇ.ಎಸ್.ಐ. ಆಸ್ಪತ್ರೆಗಳಿವೆ. ಕೆಲಸಕ್ಕೆ ಹೋಗುವಾಗ ಅಪಘಾತವಾಯಿತೆಂಬುದನ್ನು ವೈದ್ಯರಿಗೆ ತಿಳಿಸಿ, ದಾಖಲೆಯಲ್ಲಿ ಬರೆಸಬೇಕು.

2. ಪೊಲೀಸ್ ಠಾಣೆಗೆ ದೂರು ನೀಡಿ, ಸ್ಥಳ ಮತ್ತು ಸಮಯವನ್ನು ನಿಖರವಾಗಿ ನಮೂದಿಸಬೇಕು.

3. ವಿಳಂಬವಿಲ್ಲದೆ ಉದ್ಯೋಗದಾತನಿಗೆ ತಿಳಿಸಿ, ಅಪಘಾತ ಪುಸ್ತಕದಲ್ಲಿ ದಾಖಲು ಮಾಡಿಸಬೇಕು. ಬರಹದಲ್ಲಿ ತಿಳಿಸಿ, ಪ್ರತಿಯೊಂದನ್ನು ಇಟ್ಟುಕೊಳ್ಳುವುದು ಕ್ಷೇಮ.

4. ಪಾಳಿಯ ಪಟ್ಟಿ, ಹಾಜರಿ ದಾಖಲೆ, ಮನೆಯ ವಿಳಾಸದ ಪುರಾವೆಗಳನ್ನು ಕಾಪಾಡಿಕೊಳ್ಳಬೇಕು. ಬಾಡಿಗೆ ಮನೆಯನ್ನು ಬದಲಾಯಿಸಿದಾಗಲೆಲ್ಲ ಹೊಸ ವಿಳಾಸವನ್ನು ಸಂಸ್ಥೆಗೆ ತಿಳಿಸಬೇಕು. ಮನೆ ಎಲ್ಲಿದೆಯೆಂದು ದಾಖಲೆಯಲ್ಲಿ ಇಲ್ಲದಿದ್ದರೆ ದಾರಿ ಯಾವುದೆಂದು ತೋರಿಸುವುದು ಹೇಗೆ?

5. ಡಿಕ್ಕಿ ಹೊಡೆದ ವಾಹನ ಪತ್ತೆಯಾಗದಿದ್ದರೂ ನಿರಾಶರಾಗಬೇಕಿಲ್ಲ. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ಯೋಜನೆಯಂತೆ ಇಂತಹ ಪ್ರಕರಣಗಳಲ್ಲಿ ಮರಣಕ್ಕೆ 2 ಲಕ್ಷ ರೂಪಾಯಿ, ತೀವ್ರ ಗಾಯಕ್ಕೆ 50 ಸಾವಿರ ರೂಪಾಯಿ ಪರಿಹಾರವನ್ನು ಗೊತ್ತುಪಡಿಸಲಾಗಿದೆ.

ಗುತ್ತಿಗೆ ಕಾರ್ಮಿಕನ ಪ್ರಶ್ನೆ

ದೊಡ್ಡ ಕಾರ್ಖಾನೆಗಳ ಗೇಟಿನಲ್ಲಿ ಸೈಕಲ್ ಹಿಡಿದು ನಿಲ್ಲುವವರಲ್ಲಿ ಗುತ್ತಿಗೆ ಕಾರ್ಮಿಕರೂ ಗಣನೀಯ ಸಂಖ್ಯೆಯಲ್ಲಿರುತ್ತಾರೆ. ಖಾಯಂ ನೌಕರನಿಗೆ ಸಂಸ್ಥೆಯ ಬಸ್ಸು, ಸಂಸ್ಥೆಯ ವಸತಿಗೃಹ ಇರಬಹುದು. ಇವರಿಗೆ ಅವೆರಡೂ ಇಲ್ಲದಿರುವುದೇ ಹೆಚ್ಚು. ಅಪಘಾತವಾದಾಗ 'ಇವನು ನಮ್ಮ ನೌಕರನಲ್ಲ' ಎಂದು ಸಂಸ್ಥೆಯೂ, 'ರಸ್ತೆಯಲ್ಲಿ ಆದುದಕ್ಕೆ ನಾನು ಹೊಣೆಯಲ್ಲ' ಎಂದು ಗುತ್ತಿಗೆದಾರನೂ ಹೇಳುವ ಸಂಭವವಿದೆ. 1923ರ ಅಧಿನಿಯಮದ 12ನೆಯ ಪ್ರಕರಣವು ಮುಖ್ಯ ಉದ್ಯೋಗದಾತನನ್ನೂ ಪರಿಹಾರಕ್ಕೆ ಹೊಣೆಗಾರನನ್ನಾಗಿ ಮಾಡಿತ್ತು. ಆತನು ಆ ಮೊತ್ತವನ್ನು ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಬಹುದಾಗಿತ್ತು. ವಿಮಾ ಕಾನೂನು ಸಹ ವಂತಿಗೆಯನ್ನು ಮೊದಲು ಪಾವತಿ ಮಾಡುವ ಹೊಣೆಯನ್ನು ಮುಖ್ಯ ಉದ್ಯೋಗದಾತನ ಮೇಲೆಯೇ ಹೊರಿಸಿತ್ತು. ಆದುದರಿಂದ ಗುತ್ತಿಗೆ ಕಾರ್ಮಿಕನು ತನ್ನ ಗೇಟ್ ಪಾಸು, ವಿಮಾ ಸಂಖ್ಯೆ ಮತ್ತು ವೇತನ ಚೀಟಿಗಳನ್ನು ಮನೆಯವರಿಗೂ ತಿಳಿದಿರುವ ಜಾಗದಲ್ಲಿ ಇಡಬೇಕು. ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿದವನ ಪರವಾಗಿ ಮಾತನಾಡಬೇಕಾದವರು ಅವನ ಮನೆಯವರೇ ಅಲ್ಲವೆ?

ಹೊರದೇಶಗಳ ನಿದರ್ಶನ

ಬ್ರಿಟನ್ನಿನಲ್ಲಿ 1999ರಿಂದ ಉದ್ಯೋಗದಾತನು ನೌಕರನಿಗೆ ಸೈಕಲ್ ಒದಗಿಸಿದರೆ ತೆರಿಗೆಯ ರಿಯಾಯಿತಿ ದೊರೆಯುತ್ತದೆ. ನೆದರ್‌ಲ್ಯಾಂಡ್ಸ್ ಮತ್ತು ಬೆಲ್ಜಿಯಂ ದೇಶಗಳಲ್ಲಿ ಸೈಕಲ್ಲಿನಲ್ಲಿ ಬರುವವರಿಗೆ ಕಿಲೋಮೀಟರಿನ ಲೆಕ್ಕದಲ್ಲಿ ಭತ್ಯೆ ನೀಡುವ ಪದ್ಧತಿಯಿದೆ. ನಮ್ಮ 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯೂ ಸೈಕಲ್ ಪಥ ಮತ್ತು ಪಾದಚಾರಿ ಮಾರ್ಗಗಳಿಗೆ ಆದ್ಯತೆ ನೀಡಬೇಕೆಂದು ಹೇಳಿತು. ಆದರೆ ರಸ್ತೆ ಸುಧಾರಿಸುವವರೆಗೆ ಉದ್ಯೋಗದಾತನು ಕೈಕಟ್ಟಿ ಕುಳಿತುಕೊಳ್ಳಬೇಕಾಗಿಲ್ಲ. ನೆರಳಿರುವ ಸ್ಟ್ಯಾಂಡು, ಒಂದು ಗಾಳಿ ಪಂಪು, ಮುಖ ತೊಳೆಯಲು ನೀರು, ರಾತ್ರಿ ಪಾಳಿಯವರ ಸೈಕಲ್ಲುಗಳಿಗೆ ಹೊಳೆಯುವ ಪಟ್ಟಿ, ಪಾಳಿ ಬದಲಾಗುವ ಅರ್ಧ ಗಂಟೆ ಗೇಟಿನ ಬಳಿ ಸಂಸ್ಥೆಯ ಲಾರಿಗಳನ್ನು ತಡೆದು ನಿಲ್ಲಿಸುವ ಏರ್ಪಾಡು, ಇವಾವುವೂ ಭಾರಿ ವೆಚ್ಚದ ಕಾರ್ಯಗಳಲ್ಲ. 1971ರ ಆ ಸಂಜೆ ನೌಕರನಿಗೆ ಡಿಕ್ಕಿ ಹೊಡೆದುದು ಅವನ ಮಾಲೀಕರ ಲಾರಿಯೇ ಎಂಬುದನ್ನು ಮರೆಯಲಾಗದು.

ಕೆಲಸಕ್ಕೆ ಬರುವ ದಾರಿಯೂ ಕೆಲಸದ ಒಂದು ಭಾಗವೆಂದು ಕಾನೂನು ಇಂದು ಒಪ್ಪಿಕೊಂಡಿದೆ. ಆದರೆ ತಿಳಿಯದವನಿಗೆ ಕಾನೂನು ನೆರವಾಗದು. ತನ್ನ ಹಕ್ಕನ್ನು ಅರಿಯುವುದು ನೌಕರನ ಕರ್ತವ್ಯ; ಅರಿಯದವನಿಗೆ ತಿಳಿಸಿಕೊಡುವುದು ಅವನ ಜೊತೆಗಾರರ, ಸಂಘದ ಮತ್ತು ಉದ್ಯೋಗದಾತನ ಕರ್ತವ್ಯ.

ಅಧ್ಯಯನಕ್ಕೆ ಪ್ರಶ್ನೆಗಳು

1. ಸೈಕಲ್ ಭತ್ಯೆಗೂ ಸಾರಿಗೆ ಭತ್ಯೆಗೂ ಇರುವ ವ್ಯತ್ಯಾಸವೇನು?

2. 1996ರ ತೀರ್ಪಿಗೂ 2025ರ ತೀರ್ಪಿಗೂ ನಡುವೆ ಕಾನೂನಿನಲ್ಲಿ ಆದ ಬದಲಾವಣೆ ಯಾವುದು?

3. ಅಪಘಾತಕ್ಕೂ ಉದ್ಯೋಗಕ್ಕೂ ಇರುವ ಸಂಬಂಧವನ್ನು ತೋರಿಸಲು ಯಾವ ಮೂರು ಅಂಶಗಳು ಮುಖ್ಯ?

4. ನಿಮ್ಮ ಕೆಲಸದ ಸ್ಥಳದಲ್ಲಿ ಸೈಕಲ್ಲುಗಳನ್ನು ಎಲ್ಲಿ ನಿಲ್ಲಿಸಲಾಗುತ್ತದೆ? ನಿಮ್ಮ ಈಗಿನ ಮನೆಯ ವಿಳಾಸ ಅಲ್ಲಿಯ ದಾಖಲೆಯಲ್ಲಿ ಇದೆಯೆ? ಪರಿಶೀಲಿಸಿ.